ಬರಿಗೈಯವರ ಲಂಡನ್

1939ನೆಯ ಇಸವಿ, ಅಕ್ಟೋಬರ್ 10, ಮಂಗಳವಾರ. ಯುದ್ಧ ಸಾರಿ ಐದು ವಾರಗಳು ಕಳೆದಿದ್ದುವು. ರಾತ್ರಿಯಾದರೆ ಲಂಡನ್ ನಗರದಲ್ಲಿ ಒಂದು ದೀಪವೂ ಹೊರಗೆ ಕಾಣುವಂತಿರಲಿಲ್ಲ. ಸಂಗೀತ ಕಚೇರಿಗಳು ಬಹುಮಟ್ಟಿಗೆ ನಿಂತುಹೋಗಿದ್ದುವು. ಟ್ರಫಾಲ್ಗರ್ ಚೌಕದ ಮೇಲೆ ಕಂಬಗಳ ಸಾಲಿನಿಂದ ಶೋಭಿಸುವ ನ್ಯಾಷನಲ್ ಗ್ಯಾಲರಿಯ ಗೋಡೆಗಳು ಬೋಳಾಗಿದ್ದುವು. ಬಾಂಬಿನ ಭಯದಿಂದ ಅಲ್ಲಿನ ಚಿತ್ರಗಳನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ದೂರದ ವೇಲ್ಸ್ ಪ್ರಾಂತಕ್ಕೆ ಸಾಗಿಸಿಬಿಟ್ಟಿದ್ದರು. ನೋಡಲು ಏನೂ ಉಳಿಯದ ಆ ಕಟ್ಟಡದ ಬಾಗಿಲಲ್ಲಿ ಅಂದು ಮಧ್ಯಾಹ್ನ ಸುಮಾರು ಒಂದು ಸಾವಿರ ಜನ ಸಾಲುಗಟ್ಟಿ ನಿಂತಿದ್ದರು. ಗುಮಾಸ್ತರು, ಬೆರಳಚ್ಚಿನ ಹುಡುಗಿಯರು, ಸಮವಸ್ತ್ರ ತೊಟ್ಟ ಸಿಪಾಯಿಗಳು. ಒಳಗೆ ಮೈರಾ ಹೆಸ್ ಎಂಬ ಪ್ರಸಿದ್ಧ ವಾದಕಿ ಪಿಯಾನೋ ನುಡಿಸುವವರಿದ್ದರು. ಟಿಕೇಟಿನ ಬೆಲೆ ಒಂದೇ ಒಂದು ಷಿಲ್ಲಿಂಗು.

ಅಪರೂಪಕ್ಕೊಮ್ಮೆ ಒಂದು ಕಚೇರಿ ನಡೆಸಲು ಅನುಮತಿ ಸಿಕ್ಕೀತೇ ಎಂದು ಆಕೆ ಕೇಳಿಹೋಗಿದ್ದರು. ಚಿತ್ರಶಾಲೆಯ ನಿರ್ದೇಶಕರಾಗಿದ್ದ ಕೆನೆತ್ ಕ್ಲಾರ್ಕ್ ಅವರು, “ಅಪರೂಪಕ್ಕೇಕೆ, ದಿನವೂ ನಡೆಯಲಿ” ಎಂಬ ಅಭಿಪ್ರಾಯ ಕೊಟ್ಟರು. ಹಾಗೆಯೇ ನಡೆಯಿತು. 1946ರ ಏಪ್ರಿಲ್‌ವರೆಗೆ, ವಾರದಲ್ಲಿ ಐದು ದಿನ, ಒಟ್ಟು 1,698 ಕಚೇರಿಗಳಾದುವು. ಏಳೂವರೆ ಲಕ್ಷಕ್ಕೂ ಮಿಕ್ಕಿ ಜನ ಕೇಳಿದರು. ಬಾಂಬುಗಳು ಬೀಳತೊಡಗಿದಾಗ ಪಿಯಾನೋ ನೆಲಮಾಳಿಗೆಗೆ ಇಳಿಯಿತೇ ಹೊರತು ಸಂಗೀತ ನಿಲ್ಲಲಿಲ್ಲ. ಊಟದ ಹೊತ್ತಿನಲ್ಲಿ ಬಂದವರಿಗಾಗಿ ಕೆಲವು ಗೃಹಿಣಿಯರು ಜೇನುತುಪ್ಪ, ಒಣದ್ರಾಕ್ಷಿ ಹಾಕಿದ ಸ್ಯಾಂಡ್‌ವಿಚ್ಚುಗಳನ್ನು ಮಾರುತ್ತಿದ್ದರು. ಪಡಿತರದ ಆ ಕಾಲದಲ್ಲಿ ಅದು ಕಡಿಮೆ ಆಕರ್ಷಣೆಯೇನಲ್ಲ.

1942ರ ಆರಂಭದಲ್ಲಿ ಸಂಗತಿ ಮತ್ತೊಂದು ಹೆಜ್ಜೆ ಮುಂದೆ ಹೋಯಿತು. ನಗರ ಹಾಳಾಗುತ್ತಿರುವಾಗಲೇ ಕಣ್ಣಿಗೆ ಒಂದು ಒಳ್ಳೆಯ ಚಿತ್ರ ಬೇಕು, ಎಲ್ಲವನ್ನೂ ಗಣಿಯಲ್ಲಿ ಹೂತಿಟ್ಟರೆ ಹೇಗೆ ಎಂದು ವಾಚಕರೊಬ್ಬರು ‘ಟೈಮ್ಸ್’ ಪತ್ರಿಕೆಗೆ ಬರೆದರು. ಚಿತ್ರಗಳು ಆಗ ನಿಜಕ್ಕೂ ವೇಲ್ಸಿನ ಮ್ಯಾನಡ್ ಬೆಟ್ಟದ ಸ್ಲೇಟುಕಲ್ಲಿನ ಗಣಿಯಲ್ಲಿದ್ದುವು. ಅಂದಿನಿಂದ ತಿಂಗಳಿಗೆ ಒಂದೊಂದು ಚಿತ್ರವನ್ನು ಲಂಡನ್ನಿಗೆ ತಂದು, ಒಂಟಿಯಾಗಿ ತೂಗುಹಾಕಿ, ಅಪಾಯದ ಸುಳಿವು ಸಿಕ್ಕಿದೊಡನೆ ಕೆಳಗಿಳಿಸಿ ಬಚ್ಚಿಡುವ ಪದ್ಧತಿ ಬಂತು. ಆ ಒಂದೇ ಚಿತ್ರವನ್ನು ನೋಡಲು ಜನ ನೆರೆಯುತ್ತಿದ್ದರು. ತಿಂಗಳಿಗೊಂದು ಚಿತ್ರವನ್ನು ಹೀಗೆ ತೂಗುಹಾಕುವ ವಾಡಿಕೆ ಯುದ್ಧ ಮುಗಿದು ಎಷ್ಟೋ ಕಾಲವಾದ ಮೇಲೂ ಆ ಚಿತ್ರಶಾಲೆಯಲ್ಲಿ ಕಾಣಿಸಿಕೊಂಡಿದೆ.

ಲಂಡನ್ ದುಬಾರಿ ಊರು ಎಂಬುದರಲ್ಲಿ ಸಂದೇಹವಿಲ್ಲ. ಮಗನೋ ಮಗಳೋ ಅಲ್ಲಿ ಕೆಲಸಕ್ಕೆ ಸೇರಿ, ಬೆಂಗಳೂರು ಮೈಸೂರುಗಳಿಂದ ತಂದೆತಾಯಂದಿರನ್ನು ಕರೆಸಿಕೊಂಡ ಸಂಸಾರಗಳಿಗೆ ಇದು ಮೊದಲನೆಯ ದಿನವೇ ತಿಳಿಯುತ್ತದೆ. ಒಂದು ಪೌಂಡಿನ ಬೆಲೆ ನೂರು ರೂಪಾಯಿಯನ್ನು ಎಂದೋ ದಾಟಿದೆ. ಅಂಗಡಿಯ ಮುಂದೆ ನಿಂತ ತಾಯಿ ಪ್ರತಿಯೊಂದು ಚೀಟಿಯನ್ನೂ ಮನಸ್ಸಿನಲ್ಲೇ ನೂರರಿಂದ ಗುಣಿಸಿ, ಎತ್ತಿಕೊಂಡ ಪದಾರ್ಥವನ್ನು ಮರಳಿ ಇಡುವುದು ಸಾಮಾನ್ಯ ದೃಶ್ಯ. ಲಂಡನ್ ಗೋಪುರವೆಂದು ಹೆಸರಾದ ಹಳೆಯ ಕೋಟೆಯ ಒಳಕ್ಕೆ ದೊಡ್ಡವರೊಬ್ಬರ ಟಿಕೇಟು ಮೂವತ್ತು ಪೌಂಡಿಗೂ ಮೇಲೆ. ಮನೆಮಂದಿ ನಾಲ್ವರು ಹೋಗಿಬಂದರೆ ಇಲ್ಲಿನ ಒಂದು ತಿಂಗಳ ದಿನಸಿಯ ಖರ್ಚು ಅಲ್ಲಿಗೆ ಸರಿಹೋಯಿತು.

ಆದರೆ ಇದೇ ಊರಿನಲ್ಲಿ, ಜಗತ್ತಿನ ಬೇರೆ ಯಾವ ರಾಜಧಾನಿಯಲ್ಲಿಯೂ ಸುಲಭವಾಗಿ ದೊರೆಯದಷ್ಟು, ಕಾಸು ಕೇಳದ ಬಾಗಿಲುಗಳಿವೆ. ಅವುಗಳ ಪಟ್ಟಿಯನ್ನು ಯಾವ ಪ್ರವಾಸಿ ಕೈಪಿಡಿಯೂ ಕೊಡುತ್ತದೆ. ಪಟ್ಟಿ ಹೇಳದೆ ಬಿಡುವ ಸಂಗತಿಯೊಂದುಂಟು: ಆ ಬಾಗಿಲುಗಳಲ್ಲಿ ಬಹುಪಾಲು ತಾವಾಗಿ ತೆರೆದುಕೊಂಡವಲ್ಲ. ಒಂದೊಂದರ ಹಿಂದೆಯೂ ಒಂದು ಜಗಳವಿದೆ.

ದ್ವಾರಪಾಲಕನ ಚೀಟಿ

ಬ್ಲೂಮ್ಸ್‌ಬರಿಯ ಬ್ರಿಟಿಷ್ ಮ್ಯೂಸಿಯಮ್ಮನ್ನೇ ನೋಡಬಹುದು. ಸರ್ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯರು ಜೀವಮಾನವೆಲ್ಲ ಕೂಡಿಹಾಕಿದ ಸುಮಾರು 71,000 ವಸ್ತುಗಳನ್ನು, ತಮ್ಮ ಹೆಣ್ಣುಮಕ್ಕಳಿಗೆ 20,000 ಪೌಂಡು ಕೊಡುವುದಾದರೆ ರಾಷ್ಟ್ರವೇ ಇಟ್ಟುಕೊಳ್ಳಲಿ ಎಂದು ಬರೆದಿಟ್ಟು 1753ರಲ್ಲಿ ತೀರಿಕೊಂಡರು. ಬೊಕ್ಕಸದಲ್ಲಿ ಹಣವಿರಲಿಲ್ಲ. ಪಾರ್ಲಿಮೆಂಟು ಲಾಟರಿ ನಡೆಸಿ ಹಣವೆತ್ತಿತು. ಆ ಲಾಟರಿಯಲ್ಲಿ ಮೋಸ ನಡೆದು ಒಬ್ಬ ಅಧಿಕಾರಿಗೆ ದಂಡವೂ ಬಿತ್ತು. ಜ್ಞಾನದ ಮಂದಿರಕ್ಕೆ ಜೂಜಿನ ಹಣದ ಅಡಿಗಲ್ಲು! ಹೇಗಾದರಾಗಲಿ, 1759ರ ಜನವರಿ 15ರಂದು ಬಾಗಿಲು ತೆರೆದಾಗ ಒಳಗೆ ಹೋಗಲು ಶುಲ್ಕವಿರಲಿಲ್ಲ.

ಶುಲ್ಕವಿರಲಿಲ್ಲವೆಂದ ಮಾತ್ರಕ್ಕೆ ಯಾರು ಬೇಕಾದರೂ ಹೋಗಬಹುದಾಗಿತ್ತೆಂದು ತಿಳಿಯಬಾರದು. ಹೆಸರು, ಅಂತಸ್ತು, ವಿಳಾಸಗಳನ್ನು ಬರೆದು ದ್ವಾರಪಾಲಕನಿಗೆ ಒಪ್ಪಿಸಬೇಕು. ಅರ್ಹನೆಂದು ತೀರ್ಮಾನವಾದರೆ ಕೆಲವು ದಿನಗಳೋ ವಾರಗಳೋ ಕಳೆದ ಮೇಲೆ ಚೀಟಿ ಸಿಕ್ಕುತ್ತಿತ್ತು. 1784ರಲ್ಲಿ ಬರ್ಮಿಂಗ್‌ಹ್ಯಾಮಿನ ವಿಲಿಯಮ್ ಹಟನ್ ಎಂಬ ಪುಸ್ತಕವ್ಯಾಪಾರಿ, ಕಾಯುವಷ್ಟು ವ್ಯವಧಾನವಿಲ್ಲದೆ, ಬೇರೊಬ್ಬನ ಕೈಯಲ್ಲಿದ್ದ ಚೀಟಿಯನ್ನು ಹತ್ತಿರ ಹತ್ತಿರ ಎರಡು ಷಿಲ್ಲಿಂಗು ಕೊಟ್ಟು ಕೊಂಡರು. ಒಳಗೆ ಹೋದರೆ, ಹತ್ತು ಮಂದಿಯ ಗುಂಪನ್ನು ಮಾರ್ಗದರ್ಶಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಅಟ್ಟಿಕೊಂಡೇ ಹೋದ. ಇದೇನು, ಅದೇನು ಎಂದು ಕೇಳಿದರೆ ಗದರಿದ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು ಹಟನ್ ಬೀದಿಯಲ್ಲಿ ನಿಂತಿದ್ದರು. ಆ ಕಹಿಯನ್ನು ಅವರು ತಮ್ಮ ಪ್ರವಾಸದ ಪುಸ್ತಕದಲ್ಲಿ ಬರೆದಿಟ್ಟರು. ಶುಲ್ಕವಿಲ್ಲದ ಬಾಗಿಲೂ ಮುಚ್ಚಿದ ಬಾಗಿಲಾಗಿರಬಹುದೆಂಬುದಕ್ಕೆ ಅದೊಂದು ಸಾಕ್ಷ್ಯ.

ಚೀಟಿಯ ಕಾಟ ತೊಲಗಿದ್ದು ಹತ್ತೊಂಬತ್ತನೆಯ ಶತಮಾನದ ಮೊದಲಿನಲ್ಲಿ. ಆಮೇಲೆ ಭಾನುವಾರದ ಜಗಳ. ಕೂಲಿಕಾರರಿಗೆ ಬಿಡುವಿದ್ದುದು ಆ ಒಂದು ದಿನ. ದೇವರ ದಿನದಂದು ಬೊಂಬೆ ನೋಡುವುದು ಪಾಪವೆಂದು ಧರ್ಮಾಭಿಮಾನಿಗಳ ಹಟ. ಹತ್ತಾರು ವರ್ಷ ಎಳೆದಾಡಿ, 1896ರಲ್ಲಿ ರಾಷ್ಟ್ರೀಯ ಸಂಗ್ರಹಾಲಯಗಳು ಭಾನುವಾರ ಬಾಗಿಲು ತೆರೆದುವು. ಸೌತ್ ಕೆನ್ಸಿಂಗ್ಟನ್ನಿನ ಸಂಗ್ರಹಾಲಯದವರು ಇನ್ನೂ ಮುಂಚೆಯೇ ಬೇರೊಂದು ಉಪಾಯ ಹೂಡಿದ್ದರು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಹೆಸರಾದುದು ಅದೇ. ದುಡಿಮೆ ಮುಗಿಸಿ ಬರುವವರಿಗಾಗಿ 1850ರ ದಶಕದ ಕೊನೆಯಲ್ಲಿ ಅಲ್ಲಿ ಗ್ಯಾಸುದೀಪಗಳನ್ನು ಹಚ್ಚಿ ಸಂಜೆಯ ಹೊತ್ತೂ ಬಾಗಿಲು ತೆರೆದಿಟ್ಟರು.

ಇಷ್ಟಾದರೂ ಜಗಳ ಮುಗಿಯಲಿಲ್ಲ. 1974ರ ಜನವರಿಯಲ್ಲಿ ಅಂದಿನ ಸರಕಾರ ಎಲ್ಲ ರಾಷ್ಟ್ರೀಯ ಸಂಗ್ರಹಾಲಯಗಳಿಗೂ ಶುಲ್ಕ ಹಾಕಿತು. ಸರಕಾರವೇ ಬದಲಾಗಿ ಮಾರ್ಚಿನಲ್ಲಿ ಅದು ರದ್ದಾಯಿತು. ಎಂಬತ್ತರ ದಶಕದಲ್ಲಿ ಕೈ ಬಿಗಿಯಾದಾಗ ಸೌತ್ ಕೆನ್ಸಿಂಗ್ಟನ್ನಿನ ಸಂಗ್ರಹಾಲಯಗಳು ಒಂದೊಂದಾಗಿ ಬಾಗಿಲಲ್ಲಿ ಹಣ ಕೇಳತೊಡಗಿದುವು. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಇವು ಮಾತ್ರ ಒಪ್ಪಲಿಲ್ಲ. ಇದರಲ್ಲಿ ತೆರಿಗೆಯ ಒಂದು ವಿಚಿತ್ರವೂ ಸೇರಿಕೊಂಡಿತ್ತು: ಶುಲ್ಕ ಪಡೆಯುವ ಸಂಸ್ಥೆ ತಾನು ಕೊಂಡ ವಸ್ತುಗಳ ಮೇಲೆ ತೆತ್ತ ತೆರಿಗೆಯನ್ನು ಸರಕಾರದಿಂದ ಹಿಂದಕ್ಕೆ ಪಡೆಯಬಹುದು, ಶುಲ್ಕ ಬಿಟ್ಟವರಿಗೆ ಆ ಸೌಲಭ್ಯವಿಲ್ಲ. ಅಂದರೆ ಔದಾರ್ಯಕ್ಕೇ ದಂಡ. ಈ ಗಂಟನ್ನು ಬಿಡಿಸಿ, 2001ರ ಡಿಸೆಂಬರ್ 1ರಿಂದ ರಾಷ್ಟ್ರೀಯ ಸಂಗ್ರಹಾಲಯಗಳೆಲ್ಲಕ್ಕೂ ಪ್ರವೇಶ ಉಚಿತವೆಂದು ಗೊತ್ತುಮಾಡಲಾಯಿತು. ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ಗೆ ಬರುವವರ ಸಂಖ್ಯೆ ಒಂದೇ ವರ್ಷದಲ್ಲಿ ಇಮ್ಮಡಿಯಾಯಿತು. ವಿಶೇಷ ಪ್ರದರ್ಶನಗಳಿಗೆ ಟಿಕೇಟು ಇದ್ದೇ ಇದೆ. ಆದರೆ ಅವುಗಳನ್ನು ಬಿಟ್ಟರೂ ನೋಡುವುದಕ್ಕೆ ಒಂದು ಜನ್ಮ ಸಾಲದು.

ಮಕ್ಕಳೊಡನೆ ಹೋದವರು ಪ್ರಕೃತಿ ಇತಿಹಾಸದ ಸಂಗ್ರಹಾಲಯದಿಂದ ಆರಂಭಿಸುವುದೊಳ್ಳೆಯದು. ದೇವಾಲಯದಂಥ ಅದರ ನಡುವಣ ಅಂಕಣದಲ್ಲಿ, 2017ರಿಂದ, ಇಪ್ಪತ್ತೈದು ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ಮೇಲಿನಿಂದ ಧುಮುಕುತ್ತಿರುವಂತೆ ತೂಗಿಬಿದ್ದಿದೆ. 1891ರಲ್ಲಿ ಐರ್ಲೆಂಡಿನ ದಡಕ್ಕೆ ಬಂದು ಸಿಕ್ಕಿಬಿದ್ದ ಜೀವ ಅದು. ಪಕ್ಕದ ವಿಜ್ಞಾನ ಸಂಗ್ರಹಾಲಯದಲ್ಲಿ 1969ರಲ್ಲಿ ಮೂವರನ್ನು ಹೊತ್ತು ಚಂದ್ರನನ್ನು ಸುತ್ತಿಬಂದ ಅಪೋಲೋ 10ರ ಕೋಶವುಂಟು. ಇಷ್ಟು ಇಕ್ಕಟ್ಟಿನಲ್ಲಿ ಮೂವರು ಹೇಗೆ ಕುಳಿತರೆಂದು ಮಕ್ಕಳು ಕೇಳುತ್ತಾರೆ. ದೊಡ್ಡವರಿಗೂ ಅದೇ ಪ್ರಶ್ನೆ.

ಶ್ರೀರಂಗಪಟ್ಟಣದಿಂದ ಹೋದ ಹುಲಿ

ಕರ್ನಾಟಕದಿಂದ ಹೋದವರಿಗೆ ಈ ಉಚಿತ ಪ್ರವೇಶದಲ್ಲಿ ಒಂದು ಮುಳ್ಳೂ ಇದೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹದ ಅತ್ಯಂತ ಹೆಸರುವಾಸಿಯಾದ ವಸ್ತುಗಳಲ್ಲಿ ಒಂದು ಟಿಪ್ಪೂ ಸುಲ್ತಾನನ ಹುಲಿ. ಕೆಂಪು ಅಂಗಿಯ ಬಿಳಿಯನೊಬ್ಬನನ್ನು ಕೆಡವಿ ಕತ್ತಿಗೆ ಬಾಯಿ ಹಾಕಿರುವ ಮರದ ಹುಲಿ; ಉದ್ದ ಸುಮಾರು ಆರು ಅಡಿ. ಹೊಟ್ಟೆಯೊಳಗೆ ತಿದಿ ಮತ್ತು ಕೊಳವೆಗಳು. ಪಕ್ಕದ ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ನರಳುತ್ತ ಕೈಯೆತ್ತುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿದ ಇದನ್ನು ಈಸ್ಟ್ ಇಂಡಿಯಾ ಕಂಪನಿಯವರು ಹಡಗಿಗೆ ಹಾಕಿದರು. 1808ರಿಂದ ಲೆಡನ್‌ಹಾಲ್ ಬೀದಿಯ ಕಂಪನಿಯ ಕಚೇರಿಯಲ್ಲಿ ಜನ ನೋಡುವಂತೆ ಇಟ್ಟರು. ಬಂದವರೆಲ್ಲ ಹಿಡಿ ತಿರುಗಿಸುವವರೇ! ಅಲ್ಲಿಯ ಗ್ರಂಥಾಲಯದಲ್ಲಿ ಓದುತ್ತ ಕುಳಿತವರು ಗರ್ಜನೆಯಿಂದ ರೋಸಿಹೋದರು. ಕಡೆಗೊಂದು ದಿನ ಆ ಹಿಡಿ ಮಾಯವಾಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಮೇಲ್ಛಾವಣಿ ಕುಸಿದು ಹುಲಿ ನೂರಾರು ಚೂರಾಯಿತು. ಯುದ್ಧಾನಂತರ ಚೂರುಗಳನ್ನು ಕೂಡಿಸಿ ಮತ್ತೆ ನಿಲ್ಲಿಸಿದರು.

ಬ್ರಿಟಿಷ್ ಮ್ಯೂಸಿಯಮಿನಲ್ಲಿ ಅಮರಾವತಿಯ ಸ್ತೂಪದ ಬಿಳಿಗಲ್ಲಿನ ಶಿಲ್ಪಗಳನ್ನು ಕಂಡಾಗಲೂ ಭಾರತೀಯ ಪ್ರೇಕ್ಷಕನ ಮನಸ್ಸು ಇಬ್ಬಗೆಯಾಗುತ್ತದೆ. ಇಲ್ಲಿರಬೇಕಾದುದು ಅಲ್ಲಿದೆ ಎಂಬ ನೋವು ಒಂದು ಕಡೆ. ಯಾರ ಅಪ್ಪಣೆಯನ್ನೂ ಕೇಳದೆ ಎದುರಿಗೆ ನಿಂತು ಎಷ್ಟು ಹೊತ್ತು ಬೇಕಾದರೂ ನೋಡಬಹುದೆಂಬ ಸಮಾಧಾನ ಇನ್ನೊಂದು ಕಡೆ. ಈ ಸಮಾಧಾನಕ್ಕೂ ಈಚೆಗೆ ಸಂಚಕಾರ ಬರುವ ಸೂಚನೆಗಳಿವೆ. ಬ್ರಿಟಿಷ್ ಮ್ಯೂಸಿಯಮಿನ ಹಂಗಾಮಿ ನಿರ್ದೇಶಕರಾಗಿದ್ದ ಮಾರ್ಕ್ ಜೋನ್ಸ್ ಅವರು 2024ರಲ್ಲಿ, ಪರದೇಶದಿಂದ ಬರುವವರಿಂದ ಇಪ್ಪತ್ತು ಪೌಂಡು ಶುಲ್ಕ ಪಡೆಯಬಾರದೇಕೆ ಎಂದು ಕೇಳಿದರು. ಪರದೇಶದ ಯಾತ್ರಿಕರಿಂದ ಹಣ ಪಡೆದು ಸಂಗ್ರಹಾಲಯಗಳನ್ನು ದುರಸ್ತಿ ಮಾಡಬೇಕೆಂಬ ವಾದದಲ್ಲಿ ಲೆಕ್ಕವಿದೆ, ಹುರುಳೂ ಇದೆ. ಆದರೆ ಅದು ಜಾರಿಗೆ ಬಂದರೆ ಟಿಪ್ಪುವಿನ ಹುಲಿಯನ್ನು ನೋಡಲು ಮಂಡ್ಯದಿಂದ ಹೋದವನು ಹಣ ತೆರಬೇಕು, ಮ್ಯಾಂಚೆಸ್ಟರಿನಿಂದ ಬಂದವನು ತೆರಬೇಕಾಗಿಲ್ಲ ಎಂಬಂತಾದೀತು. ಆ ಮಾತನ್ನು ಲೆಕ್ಕದ ಪುಸ್ತಕ ಹೇಳುವುದಿಲ್ಲ.

ಬಯಲಿಗಾಗಿ ನಲವತ್ತು ವರ್ಷ

ಕೊಠಡಿಗಳಲ್ಲಿ ಸುತ್ತಿ ಕಾಲು ಸೋತವರು ನಗರದ ಉತ್ತರಕ್ಕೆ, ಹ್ಯಾಂಪ್‌ಸ್ಟೆಡ್ ಬಯಲಿಗೆ ಹೋಗಬೇಕು. ಪಾರ್ಕುಗಳು ಲಂಡನ್ನಿನಲ್ಲಿ ಬೇಕಾದಷ್ಟಿವೆ. ಆದರೆ ಇದು ಪಾರ್ಕಲ್ಲ. ಕತ್ತರಿಸಿ ಓರಣ ಮಾಡಿದ ಗಿಡಗಳಿಲ್ಲ, ಹೂವಿನ ಮಡಿಗಳಿಲ್ಲ. ಏರಿಳಿವ ಹುಲ್ಲುಗಾವಲು, ಪೊದೆ, ಹಳೆಯ ಮರಗಳು, ಕೊಳಗಳು. ಪಾರ್ಲಿಮೆಂಟ್ ಹಿಲ್ ಎಂಬ ದಿಣ್ಣೆಯ ನೆತ್ತಿಯಲ್ಲಿ ಕುಳಿತರೆ ಇಡೀ ನಗರ ಕಾಲಕೆಳಗೆ ಹರಡಿಕೊಳ್ಳುತ್ತದೆ. ಅಲ್ಲಿಂದ ಸೇಂಟ್ ಪಾಲ್ಸ್ ದೇವಾಲಯದ ಗುಮ್ಮಟ ಕಾಣದಂತೆ ನಡುವೆ ಯಾರೂ ಕಟ್ಟಡ ಎಬ್ಬಿಸಕೂಡದೆಂದು ನಗರಯೋಜನೆಯಲ್ಲಿ ಕಟ್ಟಳೆಯೇ ಉಂಟು. ಒಂದು ನೋಟವನ್ನು ಆಸ್ತಿಯಂತೆ ಕಾಯುವ ಬುದ್ಧಿ ಮೆಚ್ಚತಕ್ಕದ್ದು.

ಈ ಬಯಲು ಉಳಿದ ಕಥೆ ದೊಡ್ಡದು. ಜಮೀನಿನ ಒಡೆಯರಾಗಿದ್ದ ಸರ್ ಥಾಮಸ್ ಮೇರಿಯನ್ ವಿಲ್ಸನ್ ಅವರಿಗೆ ಅಲ್ಲಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಡುವ ಆಸೆ. ಅವರ ತಂದೆಯ ಉಯಿಲಿನಲ್ಲಿ ಅದಕ್ಕೆ ಅವಕಾಶವಿರಲಿಲ್ಲವಾಗಿ ಪಾರ್ಲಿಮೆಂಟಿನ ಅನುಮತಿ ಬೇಕಾಯಿತು. 1829ರಲ್ಲಿ ಮೊದಲ ಮಸೂದೆ ಹೋಯಿತು, ಬಿದ್ದಿತು. ಮತ್ತೆ ತಂದರು, ಮತ್ತೆ ಬಿದ್ದಿತು. ಹೀಗೆ ನಲವತ್ತು ವರ್ಷ. ಅಡ್ಡ ನಿಂತವರಲ್ಲಿ ಸುತ್ತಮುತ್ತಣ ಬಂಗಲೆಗಳ ಸಾಹುಕಾರರೂ ಇದ್ದರು. ಲಂಡನ್ನಿನ ಬಡಜನಕ್ಕೆ ಒಳ್ಳೆಯ ಗಾಳಿ ಬೇಡವೇ ಎಂದು ಅವರು ಮರುಗಿದ್ದು ನಿಜ. ತಮ್ಮ ಕಿಟಕಿಯ ನೋಟ ಕೆಟ್ಟೀತೆಂಬ ಚಿಂತೆ ಅದರ ಜೊತೆಗೇ ಇದ್ದುದೂ ನಿಜ. ಸರ್ ಥಾಮಸ್ 1869ರಲ್ಲಿ ತೀರಿಕೊಂಡರು. ಅವರ ತಮ್ಮ ಹಟ ಸಾಧಿಸದೆ, 45,000 ಪೌಂಡಿಗೆ ತಮ್ಮ ಹಕ್ಕನ್ನು ನಗರದ ಮಂಡಲಿಗೆ ಬಿಟ್ಟುಕೊಟ್ಟರು. 1871ರ ಶಾಸನ ಆ ಬಯಲನ್ನು ಸಾರ್ವಜನಿಕರದ್ದಾಗಿ ಮಾಡಿತು.

ಬಯಲಿನ ಉತ್ತರ ಅಂಚಿನಲ್ಲಿ ಕೆನ್‌ವುಡ್ ಎಂಬ ಬಿಳಿಯ ಬಂಗಲೆಯಿದೆ. ಬೀರು ಕಾಸಿ ಕೋಟ್ಯಧೀಶರಾದ ಗಿನ್ನೆಸ್ ಮನೆತನದ ಲಾರ್ಡ್ ಐವಾ ಅವರು 1927ರಲ್ಲಿ ಅದನ್ನೂ ಅದರೊಳಗಿನ ಚಿತ್ರಗಳನ್ನೂ ರಾಷ್ಟ್ರಕ್ಕೆ ಬಿಟ್ಟುಹೋದರು. ಮುದಿಪ್ರಾಯದ ರೆಂಬ್ರಾಂಟ್ ಬರೆದುಕೊಂಡ ಸ್ವಂತ ಚಿತ್ರ, ವರ್ಮೀರನ ಗಿಟಾರು ನುಡಿಸುವ ಹುಡುಗಿ ಅಲ್ಲಿವೆ. ಕೆಸರು ಮೆತ್ತಿದ ಬೂಟನ್ನು ಒರೆಸಿಕೊಂಡು ಒಳಗೆ ಹೋಗಿ ರೆಂಬ್ರಾಂಟನನ್ನು ಕಂಡು ಮತ್ತೆ ಬಯಲಿಗೆ ಬರಬಹುದು. ಯಾರೂ ಟಿಕೇಟು ಕೇಳುವುದಿಲ್ಲ.

ಆದರೆ ಅಲ್ಲಿಯ ಈಜುಕೊಳಗಳ ವಿಷಯ ಬೇರೆ. ತಲೆತಲಾಂತರದಿಂದ ಜನ ಅಲ್ಲಿ ಪುಕ್ಕಟೆಯಾಗಿ ಈಜುತ್ತಿದ್ದರು. 2005ರಲ್ಲಿ ಶುಲ್ಕ ಬಂತು. ಹಲವು ವರ್ಷ ಅದು ಹೆಸರಿಗೆ ಮಾತ್ರ ಇತ್ತು. ಕೊಡುವವರು ಕೊಟ್ಟರು, ಬಿಡುವವರು ಬಿಟ್ಟರು. 2020ರಲ್ಲಿ ಎಲ್ಲರೂ ಕೊಡಲೇಬೇಕೆಂದಾಯಿತು. ನಿತ್ಯ ಈಜುವ ಮುದುಕರೂ ಮುದುಕಿಯರೂ ಪ್ರತಿಭಟಿಸಿದರು. ನಲವತ್ತು ವರ್ಷ ಹೋರಾಡಿ ಪಡೆದುದರ ಒಂದು ಮೂಲೆ ಹೀಗೆ ಸದ್ದಿಲ್ಲದೆ ಕೈಬಿಟ್ಟಿತು.

ನದಿ ದಾಟುವ ಹಕ್ಕು

ಪ್ರವಾಸಿಗಳು ಥೇಮ್ಸ್ ನದಿಯ ಮೇಲೆ ಹಣ ಕೊಟ್ಟು ದೋಣಿಯಲ್ಲಿ ತಿರುಗುವುದುಂಟು. ಹಣ ಕೊಡದೆಯೂ ತಿರುಗಬಹುದೆಂದು ಬಲ್ಲವರು ಪೂರ್ವದ ವುಲಿಚ್ಚಿಗೆ ಹೋಗುತ್ತಾರೆ. ಅಲ್ಲಿ ಲಾರಿ ಕಾರುಗಳನ್ನೂ ಕಾಲ್ನಡೆಯವರನ್ನೂ ಒಂದೇ ಸಮನಾಗಿ ಹೊತ್ತು ಆಚೆ ದಡ ಮುಟ್ಟಿಸುವ ಕಡವು ದೋಣಿ 1889ರ ಮಾರ್ಚ್ 23ರಿಂದ ಓಡುತ್ತಿದೆ, ಅಂದಿನಿಂದಲೂ ದರವಿಲ್ಲ. ಯಂತ್ರ ಕೆಟ್ಟು ನಿಲ್ಲುವುದೂ ಉಂಟೆನ್ನಿ. ಅದು ಉಚಿತವಾದ ಕಾರಣ ಸ್ವಾರಸ್ಯವಾಗಿದೆ. 1870ರ ದಶಕದ ಕೊನೆಯಲ್ಲಿ ನಗರದ ಮಂಡಲಿ, ಸಿರಿವಂತರಿದ್ದ ಪಶ್ಚಿಮ ಭಾಗದ ಸೇತುವೆಗಳನ್ನು ಸಾರ್ವಜನಿಕ ಹಣದಿಂದ ಕೊಂಡು ಅವುಗಳ ಸುಂಕವನ್ನು ತೆಗೆದುಹಾಕಿತು. ಪೂರ್ವದ ಕೂಲಿಕಾರರು ಸುಮ್ಮನಿರಲಿಲ್ಲ. ತೆರಿಗೆ ಎಲ್ಲರೂ ಕೊಡುತ್ತೇವೆ, ಸೇತುವೆ ಅವರಿಗೆ ಮಾತ್ರವೇ ಎಂದು ಕೇಳಿದರು. ಉತ್ತರವಾಗಿ ಬಂದದ್ದು ಈ ದೋಣಿ.

ಅಲ್ಲಿಂದ ಪಶ್ಚಿಮಕ್ಕೆ ಗ್ರಿನಿಚ್ಚಿನಲ್ಲಿ ನದಿಯ ಅಡಿಯಲ್ಲೇ ನಡೆದುಹೋಗಬಹುದು. 1902ರಲ್ಲಿ ತೆರೆದ ಕಾಲುಸುರಂಗ ಅದು. ಉದ್ದ ಸುಮಾರು 370 ಮೀಟರ್. ಗಾಜಿನ ಗುಮ್ಮಟದ ಕೆಳಗಿನ ಸುರುಳಿ ಮೆಟ್ಟಿಲುಗಳನ್ನು ಇಳಿದರೆ ಬಿಳಿಯ ಹೆಂಚು ಹೊದಿಸಿದ ಉದ್ದನೆಯ ಕೊಳವೆ. ಆಚೆ ದಡದ ಹಡಗುಕಟ್ಟೆಗಳಲ್ಲಿ ದುಡಿಯುವವರು ಮಂಜು ಕವಿದ ದಿನಗಳಲ್ಲೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ತಲಪಲೆಂದು ಕಟ್ಟಿದ್ದು. ಹಡಗುಕಟ್ಟೆಗಳು ಮುಚ್ಚಿ ಎಷ್ಟೋ ವರ್ಷಗಳಾದುವು. ಅಲ್ಲಿ ಈಗ ಗಾಜಿನ ಬ್ಯಾಂಕುಗಳು ನಿಂತಿವೆ. ಸುರಂಗ ಹಾಗೆಯೇ ಇದೆ. ಮಕ್ಕಳು ಕೂಗಿ ಪ್ರತಿಧ್ವನಿ ಕೇಳುತ್ತಾರೆ.

ಗ್ರಿನಿಚ್ಚಿನ ಗುಡ್ಡದ ಮೇಲೆ ಹಳೆಯ ವೀಕ್ಷಣಾಲಯ. ಜಗತ್ತಿನ ಗಡಿಯಾರಗಳಿಗೆ ಆಧಾರವಾದ ಸೊನ್ನೆ ರೇಖಾಂಶದ ಗೆರೆ ಇಲ್ಲಿ ಹಾದುಹೋಗುತ್ತದೆ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ ಎಂದು ಹೇಳುವುದು ಇದರಿಂದ ಎಣಿಸಿಯೇ. ಅಂಗಳದಲ್ಲಿ ಆ ಗೆರೆಯ ಮೇಲೆ ಎರಡು ಕಾಲನ್ನು ಆಚೆ ಈಚೆ ಇಟ್ಟು ಭಾವಚಿತ್ರ ತೆಗೆಸಿಕೊಳ್ಳಬೇಕಾದರೆ ಟಿಕೇಟು ಕೊಳ್ಳಬೇಕು. ಆದರೆ ಗೆರೆ ಅಂಗಳದ ಗೋಡೆಯೊಳಗೇ ಮುಗಿಯುವುದುಂಟೇ? ಗೋಡೆಯ ಹೊರಗಿನ ಕಾಲುದಾರಿಯಲ್ಲಿಯೂ ಅದನ್ನು ಗುರುತಿಸಿದ್ದಾರೆ. ಅಲ್ಲಿ ಹಣವಿಲ್ಲ, ಜನರ ನೂಕುನುಗ್ಗಲೂ ಇಲ್ಲ. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ವೀಕ್ಷಣಾಲಯದ ತುದಿಯ ಕೆಂಪು ಚೆಂಡು ಕಂಬದಿಂದ ಕೆಳಗಿಳಿಯುತ್ತದೆ. ನದಿಯಲ್ಲಿದ್ದ ಹಡಗಿನವರು ತಮ್ಮ ಗಡಿಯಾರ ಸರಿಮಾಡಿಕೊಳ್ಳಲೆಂದು 1833ರಲ್ಲಿ ಆರಂಭವಾದ ಪದ್ಧತಿ ಇದು. ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕುಳಿತವರಿಗೆ ಊಟದ ಗಂಟೆಯೂ ಆಗುತ್ತದೆ.

ಊಟ, ಓಡಾಟ, ಸಂಜೆ

ಬುತ್ತಿಯ ಮಾತು ಬಂತು. ಮನೆಯಲ್ಲಿ ಚಿತ್ರಾನ್ನವನ್ನೋ ಚಪಾತಿಯನ್ನೋ ಕಟ್ಟಿಕೊಂಡು ಹೊರಟವರ ದಿನದ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ. ಪಾರ್ಕಿನ ಬೆಂಚಿಗೆ ಬಾಡಿಗೆಯಿಲ್ಲ, ಬಟ್ಟೆಯ ಆರಾಮಕುರ್ಚಿಗೆ ಮಾತ್ರ ಉಂಟು. ಪಶ್ಚಿಮದ ಸೌತಾಲಿನ ದೊಡ್ಡ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಹೊದ್ದು ಪಂಕ್ತಿಯಲ್ಲಿ ಕುಳಿತ ಯಾರಿಗೂ ರೊಟ್ಟಿ ದಾಲು ಬಡಿಸುತ್ತಾರೆ. ಓಡಾಟಕ್ಕೆ ಭೂಗತ ರೈಲಿಗಿಂತ ಬಸ್ಸು ಅಗ್ಗ. 2025ರಲ್ಲಿ ಅದರ ದರ ಒಂದೂಮುಕ್ಕಾಲು ಪೌಂಡು. ಒಮ್ಮೆ ಕೊಟ್ಟರೆ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಾಯಿಸಿದರೂ ಮತ್ತೆ ಕೊಡಬೇಕಾಗಿಲ್ಲ. ಹನ್ನೊಂದು ತುಂಬದ ಮಕ್ಕಳಿಗೆ ಏನೂ ಇಲ್ಲ. ಚಿಲ್ಲರೆ ಕಾಸನ್ನು ಕಂಡಕ್ಟರಿಗೆ ಕೊಡುವ ಕಾಲ ಹೋಯಿತು, ಕಾರ್ಡನ್ನು ಮುಟ್ಟಿಸಬೇಕು. ಟ್ರಫಾಲ್ಗರ್ ಚೌಕದಲ್ಲಿ 15ನೆಯ ನಂಬರಿನ ಬಸ್ಸು ಹತ್ತಿ, ಮೇಲಂತಸ್ತಿನ ಮುಂದಿನ ಆಸನ ಹಿಡಿದರೆ, ಸೇಂಟ್ ಪಾಲ್ಸ್ ಮುಂದೆ ಹಾದು ಗೋಪುರದ ಕೋಟೆಯವರೆಗೆ ಪ್ರವಾಸಿ ಬಸ್ಸಿನವರು ತೋರಿಸುವುದನ್ನೆಲ್ಲ ಆ ಒಂದೂಮುಕ್ಕಾಲು ಪೌಂಡೇ ತೋರಿಸುತ್ತದೆ.

ಅದಕ್ಕಿಂತಲೂ ಅಗ್ಗದ ವಾಹನವೊಂದನ್ನು ಗುಜರಾತಿನ ವಿದ್ಯಾರ್ಥಿಯೊಬ್ಬರು ಬಹಳ ಹಿಂದೆಯೇ ಕಂಡುಹಿಡಿದಿದ್ದರು. 1888ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆ ಓದಲು ಬಂದ ಮೋಹನದಾಸ ಗಾಂಧಿಯವರು ಮೊದಲು ಉಡುಪಿಗೂ ನೃತ್ಯಪಾಠಕ್ಕೂ ಹಣ ಸುರಿದು, ಬಳಿಕ ಎಚ್ಚೆತ್ತರು. ದಿನದಿನದ ಲೆಕ್ಕವನ್ನು ಬಿಡಿಕಾಸಿನವರೆಗೆ ಬರೆದಿಟ್ಟರು. ಎರಡು ಕೋಣೆಗಳನ್ನು ಬಿಟ್ಟು ಒಂದಕ್ಕೆ ಬಂದರು. ಬೆಳಗಿನ ಗಂಜಿಯನ್ನು ತಾವೇ ಬೇಯಿಸಿಕೊಂಡು ದಿನಕ್ಕೆ ಒಂದು ಷಿಲ್ಲಿಂಗು ಮೂರು ಪೆನ್ನಿಯಲ್ಲಿ ಊಟ ಮುಗಿಸಿದರು. ಗಾಡಿಯ ಬಾಡಿಗೆ ಉಳಿಸಲು ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ಅಲ್ಲಿದ್ದಷ್ಟು ಕಾಲ ತಮಗೆ ಕಾಯಿಲೆ ತಾಕದಿದ್ದುದಕ್ಕೆ ಆ ನಡಿಗೆಯೇ ಕಾರಣವೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬ್ರಿಟಿಷ್ ಮ್ಯೂಸಿಯಮಿನಿಂದ ಸ್ವಲ್ಪ ದೂರದ ಟ್ಯಾವಿಸ್ಟಾಕ್ ಚೌಕದಲ್ಲಿ, 1968ರಲ್ಲಿ ನಿಲ್ಲಿಸಿದ ಅವರ ವಿಗ್ರಹ ಪದ್ಮಾಸನ ಹಾಕಿ ಕುಳಿತಿದೆ. ಕೆಳಗಿನ ಗೂಡಿನಲ್ಲಿ ಯಾರಾದರೂ ಹೂವಿಟ್ಟುಹೋಗಿರುತ್ತಾರೆ.

ಸಂಜೆಯ ಮಟ್ಟಿಗೆ, ಸೇಂಟ್ ಪಾಲ್ಸ್ ಮತ್ತು ವೆಸ್ಟ್‌ಮಿನ್‌ಸ್ಟರ್ ಅಬೆಗಳನ್ನು ಪ್ರೇಕ್ಷಕರಾಗಿ ನೋಡಲು ದುಬಾರಿ ಟಿಕೇಟು ಇದ್ದರೂ, ಸಾಯಂಪ್ರಾರ್ಥನೆಗೆ ಕುಳಿತುಕೊಳ್ಳುವವರಿಂದ ಏನನ್ನೂ ಪಡೆಯುವುದಿಲ್ಲ. ಹುಡುಗರ ಮೇಳಗಾಯನವನ್ನು ಆ ಎತ್ತರದ ಕಮಾನುಗಳ ಕೆಳಗೆ ಕೇಳುವುದೊಂದು ಅನುಭವ. ನಾಟಕ ಬೇಕಾದವರಿಗೆ ಷೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರದ ಅಂಗಳವಿದೆ. 1997ರಲ್ಲಿ ಮರದಿಂದಲೇ ಮರುನಿರ್ಮಿಸಿದ ಅಲ್ಲಿ ಐದು ಪೌಂಡಿನಿಂದ ನಿಲ್ಲುವ ಟಿಕೇಟು ದೊರೆಯುತ್ತದೆ. ಕವಿಯ ಕಾಲದಲ್ಲಿ ಅದೇ ಜಾಗಕ್ಕೆ ಒಂದು ಪೆನ್ನಿ ಕೊಡುತ್ತಿದ್ದರು. ಕೊಡೆ ಬಿಚ್ಚುವಂತಿಲ್ಲ, ಮಳೆ ಬಂದರೆ ಹ್ಯಾಮ್ಲೆಟ್ಟನ ದುಃಖವನ್ನು ನೆನೆಯುತ್ತಲೇ ನೋಡಬೇಕು. ಬೇಸಗೆಯ ‘ಪ್ರಾಮ್ಸ್’ ಸಂಗೀತೋತ್ಸವವೂ ನಿಂತು ಕೇಳುವವರದೇ. 1895ರಲ್ಲಿ ಹೆನ್ರಿ ವುಡ್ ಅದನ್ನು ನಡೆಸಲಾರಂಭಿಸಿದಾಗ ನಿಲ್ಲುವ ಟಿಕೇಟಿಗೆ ಒಂದು ಷಿಲ್ಲಿಂಗು. ಈಗಲೂ ಆಲ್ಬರ್ಟ್ ಹಾಲಿನ ನಡುಮೈದಾನದಲ್ಲಿ, ಮೇಲಿನ ಗೂಡುಗಳ ಶ್ರೀಮಂತರಿಗಿಂತ ವಾದ್ಯಗಳಿಗೆ ಹತ್ತಿರವಾಗಿ, ಕೆಲವೇ ಪೌಂಡು ಕೊಟ್ಟು ನಿಂತಿರುತ್ತಾರೆ.

ಪಾರ್ಲಿಮೆಂಟಿನ ಚರ್ಚೆಯನ್ನೂ ಉಚಿತವಾಗಿ ಕೇಳಬಹುದು. ಸಾರ್ವಜನಿಕರು ಕುಳಿತುಕೊಳ್ಳುವ ಆ ಜಾಗವನ್ನು ‘ಅಪರಿಚಿತರ ಗ್ಯಾಲರಿ’ ಎಂದು ಕರೆಯುತ್ತಿದ್ದರು. ಯಾರು ಚುನಾಯಿಸಿ ಕಳುಹಿಸಿದರೋ ಅವರೇ ಅಪರಿಚಿತರು! 2004ರಲ್ಲಿ ಆ ಹೆಸರನ್ನು ಕೈಬಿಟ್ಟರು.

ಅಲ್ಲಿಂದ ಹೊರಬಂದು ಸೇತುವೆ ದಾಟಿ, ನದಿಯ ದಂಡೆಯಲ್ಲೇ ದಕ್ಷಿಣಕ್ಕೆ ನಡೆಯುತ್ತ ಹೋದರೆ, ಲ್ಯಾಂಬೆತ್ ಸೇತುವೆಯ ಆಚೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಸಣ್ಣ ತೋಟದಲ್ಲಿ ಬಸವಣ್ಣನವರ ಪ್ರತಿಮೆ ಎದುರಾಗುತ್ತದೆ. 2015ರ ನವೆಂಬರ್ 14ರಂದು ಭಾರತದ ಪ್ರಧಾನಿ ಅದನ್ನು ಅನಾವರಣ ಮಾಡಿದರು. ಸುತ್ತ ಕಟಕಟೆಯ ಕಾವಲುಗಾರನಿಲ್ಲ, ಟಿಕೇಟಿನ ಕಿಟಕಿಯಿಲ್ಲ. ಕಚೇರಿ ಬಿಟ್ಟು ಓಡುತ್ತ ಹೋಗುವ ಲಂಡನ್ನಿಗರು ಒಂದು ಗಳಿಗೆ ನಿಂತು ಹೆಸರು ಓದಲು ಯತ್ನಿಸಿ ಮುಂದೆ ಹೋಗುತ್ತಾರೆ. ಊರಿನಿಂದ ಬಂದ ತಂದೆತಾಯಿಗಳು ಮಾತ್ರ ಅಲ್ಲಿಯ ಬೆಂಚಿನಲ್ಲಿ ಬಹಳ ಹೊತ್ತು ಕುಳಿತಿರುತ್ತಾರೆ. ಉಳಿದ ಬುತ್ತಿಯನ್ನು ಬಿಚ್ಚಿ, ಮನೆಗೆ ಹೋಗುವ ಬಸ್ಸಿನ ನಂಬರು ಯಾವುದೆಂದು ಮಗಳನ್ನು ಕೇಳುತ್ತಾರೆ.